ಬೀದಿಯೆಲ್ಲ ಸೋರಿದ ವಿಜಯದಶಮಿ

ಮಾವನವರು ಮಗುವನ್ನು ಒಂದೇ ಕೈಯಲ್ಲಿ ಎತ್ತಿಕೊಳ್ಳುತ್ತಾರಲ್ಲ ಎಂಬ ಚಿಂತೆ ಸುಪ್ರಜಾಳನ್ನು ಹಾಲು ಕಾಯಿಸುವಾಗಲೂ ಬಿಡುತ್ತಿರಲಿಲ್ಲ, ಬಟ್ಟೆ ಮಡಚುವಾಗಲೂ ಬಿಡುತ್ತಿರಲಿಲ್ಲ. ಹಲ್ಲುಜ್ಜುತ್ತಿದ್ದವಳು ಬಾಯಿ ತುಂಬ ನೊರೆ ಇಟ್ಟುಕೊಂಡೇ ಹಜಾರಕ್ಕೆ ಓಡಿಬಂದು ಇಣುಕಿದ್ದೂ ಉಂಟು. ಇಣುಕಿದಾಗಲೆಲ್ಲ ಕಾಣುತ್ತಿದ್ದುದು ಒಂದೇ ನೋಟ. ವೆಂಕಟರಾಮರ ಬಲಗೈಯ ಮೇಲೆ, ತರಕಾರಿ ಚೀಲ ಜೋತುಬಿದ್ದ ಹಾಗೆ, ಕೃಪಾ. ಎಡಗೈ ಮಾತ್ರ ಬೆನ್ನ ಹಿಂದೆ ಪಂಚೆಯ ಮಡಿಕೆಯೊಳಗೆ ಸಿಕ್ಕಿಸಿಕೊಂಡು ಆರಾಮವಾಗಿ ಕೂತಿರುತ್ತಿತ್ತು.

“ಮಾವ, ಎರಡು ಕೈ,” ಎಂದು ಅವಳು ಮೆಲ್ಲಗೆ ನೆನಪಿಸುತ್ತಿದ್ದಳು.

“ಇದೆಯಮ್ಮ, ಎರಡೂ ಇದೆ,” ಎಂದು ಅವರು ತಿರುಗಿ ಬೆನ್ನು ತೋರಿಸುತ್ತಿದ್ದರು.

ಅದಕ್ಕೆ ಕಾರಣ ಇಲ್ಲದೆ ಇರಲಿಲ್ಲ. ವೆಂಕಟರಾಮರು ವಿದ್ಯುತ್ ಇಲಾಖೆಯಲ್ಲಿ ಮೀಟರುಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಕೆಲಸಕ್ಕೆ ಸೇರಿದಾಗ ಅಲ್ಲಿಯ ಹಿರಿಯರೊಬ್ಬರು ಕಲಿಸಿದ ಮೊದಲ ಪಾಠವೇ ಅದು. ಕರೆಂಟಿರುವ ಪೆಟ್ಟಿಗೆಯೊಳಗೆ ಒಂದು ಕೈ ಹಾಕಿದರೆ ಇನ್ನೊಂದು ಕೈ ಜೇಬಿನಲ್ಲಿರಬೇಕು. ಎರಡೂ ತಗುಲಿದರೆ ಕರೆಂಟು ಒಂದರಲ್ಲಿ ಹೊಕ್ಕು, ಎದೆಯನ್ನು ದಾಟಿ, ಇನ್ನೊಂದರಲ್ಲಿ ಹೊರಡುತ್ತದೆ. ಬೇರೆಯವರೆಲ್ಲ ಈ ಪಾಠವನ್ನು ಸಂಜೆ ಆಫೀಸಿನಲ್ಲೇ ಬಿಟ್ಟು ಮನೆಗೆ ಹೋದರು. ವೆಂಕಟರಾಮರು ಮನೆಗೂ ತಂದರು. ಸೈಕಲ್ಲನ್ನು ಒಂದೇ ಕೈಯಲ್ಲಿ ಓಡಿಸಿದರು. ಬಾವಿಯಿದ್ದ ಕಾಲದಲ್ಲಿ ನೀರನ್ನು ಒಂದೇ ಕೈಯಲ್ಲಿ ಸೇದಲು ಹೋಗಿ ಕೊಡಗಳನ್ನು ಕಳೆದರು. ತಾಳಿ ಕಟ್ಟುವಾಗ ಪುರೋಹಿತರು ಅವರ ಎಡಗೈಯನ್ನು ಬೆನ್ನ ಹಿಂದಿನಿಂದ ಎಳೆದು ತರಬೇಕಾಯಿತಂತೆ. ಗಂಟನ್ನು ಒಂದು ಕೈಯಲ್ಲಿ ಹಾಕಲು ನೋಡಿದ ಗಂಡು ಇಡೀ ಸೇಲಂ ಜಿಲ್ಲೆಯಲ್ಲಿ ಇವರೊಬ್ಬರೇ ಎಂದು ಅತ್ತೆ ಗೋದಾಬಾಯಿ ಈಗಲೂ ಬಂದವರಿಗೆಲ್ಲ ಹೇಳುತ್ತಿದ್ದರು.

ನಿವೃತ್ತರಾದ ಮೇಲೆ ಅವರ ಓರಗೆಯವರು ಬೆಳಗಿನ ನಡಿಗೆ, ರಾಯರ ಮಠ, ಸಕ್ಕರೆ ಕಾಯಿಲೆ ಎಂದು ಒಂದೊಂದು ಕೆಲಸ ಹಿಡಿದುಕೊಂಡರು. ವೆಂಕಟರಾಮರು ಹಿಡಿದದ್ದು ಸೇಲಂನ ಶೆವ್ವಾಪೇಟೆಯ ದಾರಿ. ಅಲ್ಲಿ ಆರುಮುಗಂನದೊಂದು ಗುಜರಿ ಅಂಗಡಿ; ಊರಿನವರ ಬಾಯಲ್ಲಿ ಅದು ಕಾಯಲಾನ್ ಕಡೈ. ಮುಚ್ಚಿಹೋದ ಪಾಲಿಟೆಕ್ನಿಕ್ಕುಗಳು, ಎಡಪ್ಪಾಡಿ ಕಡೆಯ ಹಳೆಯ ಕಾರ್ಖಾನೆಗಳು, ಯಾರೋ ತೀರಿಹೋದ ರೇಡಿಯೋ ರಿಪೇರಿಯವರ ಮನೆ ಎಲ್ಲವೂ ಕೊನೆಗೆ ಆ ಅಂಗಡಿಯ ಅಂಗಳಕ್ಕೆ ಬಂದು ಬೀಳುತ್ತಿದ್ದವು. ದುಂಡನೆಯ ಹಸಿರು ಪರದೆಯ ಆಸಿಲೋಸ್ಕೋಪುಗಳು, ಗಾಜಿನ ವಾಲ್ವುಗಳಿದ್ದ ವೋಲ್ಟ್ ಮೀಟರುಗಳು, ನೂರೆಂಟು ತಿರುಗಣೆಗಳಿದ್ದ ಸಿಗ್ನಲ್ ಜನರೇಟರುಗಳು. ಆರುಮುಗಂಗೆ ಬೇಕಾಗಿದ್ದುದು ಒಳಗಿನ ತಾಮ್ರ. ಸುತ್ತಿಗೆ ಎತ್ತಿದ ಹೊತ್ತಿಗೆ ವೆಂಕಟರಾಮರು ಹೋಗಿ ಅಡ್ಡ ನಿಲ್ಲುತ್ತಿದ್ದರು. ಆಸ್ಪತ್ರೆಯಲ್ಲಿ ನೆಂಟರ ಹಾಸಿಗೆಯ ಪಕ್ಕ ನಿಂತವರ ಮುಖ ಮಾಡಿಕೊಂಡು ಇನ್ನೊಂದು ದಿನ ತಡಿಯಪ್ಪ ಎನ್ನುತ್ತಿದ್ದರು. ಆರುಮುಗಂ ಸುತ್ತಿಗೆ ಕೆಳಗಿಟ್ಟು ತಾನೇ ಆಟೋ ಹಿಡಿದು ಕೊಡುತ್ತಿದ್ದ.

ಮನೆಗೆ ತಂದ ಯಂತ್ರ ನೇರ ಒಳಗೆ ಬರುವಂತಿರಲಿಲ್ಲ. ಗುಜರಿಯಲ್ಲಿ ಯಾರು ಯಾರು ಮುಟ್ಟಿದ್ದರೋ ಎಂದು ಗೋದಾಬಾಯಿ ಗೇಟಿನಲ್ಲೇ ತಡೆಯುತ್ತಿದ್ದರು. ಮೊದಮೊದಲು ನೀರು ಚಿಮುಕಿಸಲು ತಂಬಿಗೆ ಹಿಡಿದು ಬಂದದ್ದನ್ನು ಕಂಡು ವೆಂಕಟರಾಮರು ಯಂತ್ರದ ಮೇಲೆ ಕವುಚಿ ಮಲಗಿಬಿಟ್ಟಿದ್ದರಂತೆ. ಆಮೇಲೆ ರಾಜಿಯಾಯಿತು. ಹಿತ್ತಲಲ್ಲಿ ಬಿಸಿಲಿಗೆ ಇಡುವುದು. ಬಿಸಿಲಿಗೆ ಮೈಲಿಗೆ ಹೋಗುತ್ತದೆ ಎಂದು ಅವರು, ತೇವ ಹೋಗುತ್ತದೆ ಎಂದು ಇವರು. ಮದುವೆಯಾದಂದಿನಿಂದ ಗಂಡ ಹೆಂಡತಿ ಇಬ್ಬರೂ ಒಪ್ಪಿದ ಒಂದೇ ವಿಷಯ ಅದು.

ಬಿಸಿಲು ಕಾದ ಮೇಲೆ ಮೂಸುವುದು. ಸುಟ್ಟ ವಾರ್ನಿಷಿನ ವಾಸನೆ ಬಂದರೆ ಟ್ರಾನ್ಸ್‌ಫಾರ್ಮರು ಹೋಗಿದೆ ಎಂದರ್ಥ. ಬಾರದಿದ್ದರೆ ಕುಂಚದಿಂದ ದೂಳು ಕೊಡವಿ, ಗೋಡೆಯ ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಒಂದು ದೊಡ್ಡ ಬಲ್ಬನ್ನು ಸೇರಿಸಿ, ಅದರ ಮೂಲಕವೇ ಕರೆಂಟು ಕೊಡುವುದು. ಒಳಗೆ ಶಾರ್ಟಿದ್ದರೆ ಬಲ್ಬು ಭಗ್ಗನೆ ಉರಿದು ಯಂತ್ರ ಉಳಿದುಕೊಳ್ಳುತ್ತದೆ. ಒಳಗೆಲ್ಲ ನೆಟ್ಟಗಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ಹೀಗಾಗಿ ಆ ಮನೆಯಲ್ಲಿ ದೀಪ ಜೋರಾಗಿ ಉರಿದರೆ ಎಲ್ಲರ ಮುಖ ಬಾಡುತ್ತಿತ್ತು, ಮಂಕಾದರೆ ಸಂತೋಷವಾಗುತ್ತಿತ್ತು. ಮನೆಗೆಲಸಕ್ಕೆ ಬರುತ್ತಿದ್ದ ನಲ್ಲಂಪಳ್ಳಿ ಕಡೆಯ ಅಂಜಮ್ಮ ಎಷ್ಟೋ ದಿನ ಇದನ್ನು ಐಯನವರ ಜಿಪುಣತನ ಎಂದೇ ತಿಳಿದಿದ್ದಳು.

ರಿಪೇರಿಯಾದ ಯಂತ್ರಗಳು ಏನು ಮಾಡುತ್ತಿದ್ದವು? ಸುಪ್ರಜಾಳಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಅರ್ಥವಾಗದಿದ್ದುದು ಇದೇ. ಅವು ಒಂದನ್ನೊಂದು ಪರೀಕ್ಷೆ ಮಾಡುತ್ತಿದ್ದವು. ಜನರೇಟರು ಕೊಟ್ಟ ಅಲೆಯನ್ನು ಸ್ಕೋಪು ನೋಡುತ್ತಿತ್ತು, ಸ್ಕೋಪು ಸರಿ ಹೇಳುತ್ತಿದೆಯೇ ಎಂದು ಮೀಟರು ನೋಡುತ್ತಿತ್ತು, ಮೀಟರಿನ ಮೇಲೆ ಅನುಮಾನ ಬಂದರೆ ಇನ್ನೊಂದು ಮೀಟರು ಬರುತ್ತಿತ್ತು. ಹಜಾರದ ಗೋಡೆಗೆ ಆತು ಸೂರಿನವರೆಗೆ ನಿಂತ ಆ ಯಂತ್ರಗಳಿಗೆ ತಮ್ಮನ್ನು ಬಿಟ್ಟರೆ ಪರೀಕ್ಷಿಸಲು ಲೋಕದಲ್ಲಿ ಬೇರೇನೂ ಇರಲಿಲ್ಲ. ವೆಂಕಟರಾಮರು ಅವನ್ನು ಮಾರಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ.

ಒಂದಕ್ಕೆ ಮಾತ್ರ ಕೆಲಸ ಸಿಕ್ಕಿತ್ತು. ಅದು ಮೆಗ್ಗರ್. ಕರಿಯ ಪೆಟ್ಟಿಗೆ, ಪಕ್ಕದಲ್ಲಿ ತಿರುಗಿಸುವ ಹಿಡಿ, ಮೇಲೆ ಎರಡು ಹಿತ್ತಾಳೆಯ ತಿರುಪು, ತಿರುಪಿನಿಂದ ಹೊರಟ ಎರಡು ವೈರು, ವೈರಿನ ತುದಿಗೆ ಕ್ಲಿಪ್ಪು. ಎರಡು ವಸ್ತುಗಳಿಗೆ ಒಂದೊಂದು ಕ್ಲಿಪ್ಪು ಹಾಕಿ ಹಿಡಿ ತಿರುಗಿಸಿದರೆ, ಒಂದರಿಂದ ಇನ್ನೊಂದಕ್ಕೆ ಕರೆಂಟು ಸೋರುತ್ತದೆಯೇ ಇಲ್ಲವೇ ಎಂದು ಅದು ಹೇಳುತ್ತಿತ್ತು. ಸೋರದಿದ್ದರೆ ಮುಳ್ಳು ಮಲಗಿದ ಎಂಟರ ಗುರುತಿನ ಮೇಲೆ, ಅಂದರೆ ಅನಂತದಲ್ಲಿ, ನಿಲ್ಲುತ್ತದೆ. ಸೋರಿದರೆ ಸೊನ್ನೆಯ ಕಡೆಗೆ ಇಳಿಯುತ್ತದೆ. ಇದನ್ನು ಗಂಡನ ಬಾಯಿಂದ ಕೇಳಿದ ದಿನ ಗೋದಾಬಾಯಿ ಒಂದು ಗಳಿಗೆ ಯೋಚಿಸಿ, ಅಂದರೆ ಇದಕ್ಕೆ ಅದು ಸೋಕಿಲ್ಲ ಅಂತ ಈ ಮುಳ್ಳು ಹೇಳುತ್ತಲ್ಲವೇ, ಮಡಿ ಅಂದರೂ ಅಷ್ಟೇ ತಾನೇ ಎಂದರು. ಅಂದಿನಿಂದ ಗಳದ ಮೇಲೆ ಹರವಿದ ಮಡಿಸೀರೆಗೆ ಒಂದು ಕ್ಲಿಪ್ಪು, ಪಕ್ಕದಲ್ಲಿ ತೂಗುತ್ತಿದ್ದ ಮಗನ ಟವೆಲ್ಲಿಗೆ ಇನ್ನೊಂದು. ಕ್ಲಿಪ್ಪುಗಳನ್ನು ಅವರೇ ತೊಳೆದು ಒಣಗಿಸಿಟ್ಟುಕೊಂಡಿದ್ದರು. ವೆಂಕಟರಾಮರು ಸ್ನಾನ ಮಾಡಿ ಬಂದು ಹಿಡಿ ತಿರುಗಿಸಬೇಕು. ಮುಳ್ಳು ಅಲುಗದಿದ್ದರೆ ಅಡುಗೆ ಶುರು. ಒಣ ಬಟ್ಟೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಮುಳ್ಳು ಅಲುಗುವುದಿಲ್ಲ ಎಂಬ ಮಾತನ್ನು ವೆಂಕಟರಾಮರು ಹೇಳಲಿಲ್ಲ. ಎಷ್ಟೋ ವರ್ಷಕ್ಕೆ ಅವರ ಯಂತ್ರವನ್ನು ಒಬ್ಬರು ಬೇಕೆಂದು ಕೇಳಿದ್ದರು.

ಇಂಥ ಮನೆಯಲ್ಲಿ ಕೃಪಾ ಅಂಬೆಗಾಲಿಡಲು ಕಲಿತಳು. ಅದೇ ಹೊತ್ತಿಗೆ ಸುಪ್ರಜಾ ಹಿಂದೆ ಪಾಠ ಹೇಳುತ್ತಿದ್ದ ಕಾಲೇಜಿನ ಪ್ರಿನ್ಸಿಪಾಲ್ ಶರಣ್ಯ ಮೇಡಂ ಫೋನು ಮಾಡಿ, ಕಾಮರ್ಸಿಗೆ ಜನ ಇಲ್ಲ, ಸೋಮವಾರದಿಂದ ಬರುತ್ತೀಯಾ, ದಸರೆಯ ರಜೆ ಮುಗಿಯುವುದರೊಳಗೆ ಹೇಳಿಬಿಡು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದರು. ಚೆನ್ನೈಯಲ್ಲಿ ಓದಿ ಬೆಳೆದ ಸುಪ್ರಜಾಳಿಗೆ ಆ ಕೆಲಸವೆಂದರೆ ಉಸಿರು. ಗಂಡ ಸುಧೀಂದ್ರ ಹರೂರಿನ ಒಂದು ಆಸ್ಪತ್ರೆಯ ಔಷಧಿ ವಿಭಾಗದಲ್ಲಿದ್ದ. ಹಬ್ಬವೆಂದು ರಜೆಯಿಲ್ಲ, ಬೆಳಗಿನ ಬಸ್ಸಿಗೆ ಹೋದರೆ ರಾತ್ರಿ ಊಟದ ಹೊತ್ತಿಗೆ ವಾಪಸು. ಹೋಗು, ಅಪ್ಪ ಅಮ್ಮ ಇದ್ದಾರಲ್ಲ ಎಂದ. ಇದ್ದಾರೆ, ಅದೇ ಚಿಂತೆ ಎಂದು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಒಂದು ಕೈಯ ಅಜ್ಜ, ಆಫ್ ಮಾಡಿದ ಮೇಲೂ ಹೊಟ್ಟೆಯಲ್ಲಿ ಕರೆಂಟು ಇಟ್ಟುಕೊಂಡಿರುವ ಪೆಟ್ಟಿಗೆಗಳು, ಸಿಕ್ಕಿದ್ದನ್ನೆಲ್ಲ ನೆಕ್ಕುವ ಮಗು.

ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು. ಮಗು ಮುಟ್ಟಬಹುದಾದ ಪ್ರತಿಯೊಂದನ್ನೂ ಮಾವ ಮೆಗ್ಗರ್ ಹಾಕಿ ನೋಡಿಕೊಡಬೇಕು. ಫ್ರಿಜ್ಜು, ವಾಷಿಂಗ್ ಮೆಷೀನು, ಕೊಳಾಯಿ, ತೊಟ್ಟಿಲ ಸರಪಳಿ, ಕಿಟಕಿಯ ಸರಳು. ಎಲ್ಲವೂ ಸರಿಯಿದ್ದರೆ ಅವಳು ಶರಣ್ಯ ಮೇಡಂಗೆ ಫೋನು ಮಾಡುತ್ತಾಳೆ, ಒಂದರಲ್ಲಿ ಸೋರಿಕೆ ಕಂಡರೂ ಕೆಲಸಕ್ಕೆ ಹೋಗುವುದಿಲ್ಲ. ಇದನ್ನು ಕೇಳಿ ವೆಂಕಟರಾಮರ ಕಣ್ಣು ತುಂಬಿಬಂತು. ಸೊಸೆಯೂ ಮೆಗ್ಗರನ್ನು ಕೇಳುತ್ತಾಳೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ವಿಜಯದಶಮಿಯ ಬೆಳಗ್ಗೆ ಮಾಡೋಣ, ಒಳ್ಳೆಯ ಕೆಲಸ ಶುರು ಮಾಡುವ ದಿನ ಎಂದರು.

ಆಯುಧಪೂಜೆಯ ದಿನ ಯಂತ್ರಗಳೆಲ್ಲ ಹಜಾರದಲ್ಲಿ ಸಾಲಾಗಿ ಕೂತವು. ಗೋದಾಬಾಯಿ ಗಂಧ ತೇದು, ಅದಕ್ಕೆ ಅರಿಶಿನ ಕಲಸಿ, ಒಂದೊಂದಕ್ಕೂ ಇಟ್ಟು ಅದರ ಮೇಲೆ ಕುಂಕುಮ, ಮೇಲೊಂದು ಸೇವಂತಿಗೆ. ಪುರಿ, ಬೆಲ್ಲ, ಕಡಲೆ ಉಸಲಿಯ ನೈವೇದ್ಯ. ಅಂದು ಯಾವುದನ್ನೂ ಚಾಲೂ ಮಾಡುವಂತಿಲ್ಲ. ಮನೆಯ ಅಚ್ಚುಮೆಚ್ಚಿನ ಯಂತ್ರವೆಂದು ಮೆಗ್ಗರಿಗೆ ಗಂಧ ಸ್ವಲ್ಪ ಜಾಸ್ತಿಯೇ ಬಿತ್ತು.

ಮರುದಿನ ಬೆಳಗ್ಗೆ ವೆಂಕಟರಾಮರು ಸ್ನಾನ ಮಾಡಿ, ಮುದ್ರೆ ಹಚ್ಚಿ, ಹೂವನ್ನು ತೆಗೆದು ಕಣ್ಣಿಗೊತ್ತಿಕೊಂಡು ಮೆಗ್ಗರಿನ ಮುಂದೆ ಕೂತರು. ಮಗುವನ್ನು ದೂರ ಹಿಡಿದುಕೊಳ್ಳುವಂತೆ ಸುಪ್ರಜಾಳಿಗೆ ಹೇಳಿ, ಎಡಗೈಯನ್ನು ಹಿಂದೆ ಸಿಕ್ಕಿಸಿಕೊಂಡು, ಯಾವಾಗಲೂ ಮಾಡುವಂತೆ ಮೊದಲು ಕ್ಲಿಪ್ಪುಗಳನ್ನು ಯಾವುದಕ್ಕೂ ಹಾಕದೆ ಖಾಲಿ ಬಿಟ್ಟು ಹಿಡಿಗೆ ಕೈ ಹಾಕಿದರು. ಯಂತ್ರ ಸುಳ್ಳು ಹೇಳುತ್ತಿಲ್ಲ ಎಂದು ತಿಳಿಯಲು ಅದೇ ದಾರಿ. ಏನೂ ಇಲ್ಲದ ಕಡೆ ಅದು ಏನೂ ಇಲ್ಲ ಎನ್ನಬೇಕು.

“ಖಾಲಿ ತಿರುಗಿಸಬೇಡಿ,” ಎಂದು ಅಡುಗೆಮನೆಯಿಂದ ಗೋದಾಬಾಯಿಯ ದನಿ ಬಂತು. “ವರ್ಷದ ಮೊದಲ ಸುತ್ತು. ಖಾಲಿ ತೊಟ್ಟಿಲು ತೂಗಿದ ಹಾಗೆ ಆಗುತ್ತೆ. ಮನೇಲಿ ಕೂಸಿದೆ.”

ತೊಟ್ಟಿಲಿನ ಮಾತು ಕೇಳಿದ್ದೇ ಸುಪ್ರಜಾ ಒಮ್ಮೆ ತೊಟ್ಟಿಲ ಕಡೆಗೆ ನೋಡಿದಳು. ಇಂಥ ನಂಬಿಕೆ ತನಗಿಲ್ಲ ಎಂದೇ ಅವಳು ತಿಳಿದಿದ್ದಳು. ಆದರೂ “ಬೇಡ ಮಾವ,” ಎಂದುಬಿಟ್ಟಳು. ಹೆಂಡತಿ ಸೊಸೆ ಇಬ್ಬರೂ ಒಂದಾದ ಮೇಲೆ ಅವರಾದರೂ ಏನು ಮಾಡಿಯಾರು. ಖಾಲಿ ಸುತ್ತನ್ನು ಬಿಟ್ಟು ಒಂದು ಕ್ಲಿಪ್ಪನ್ನು ಫ್ರಿಜ್ಜಿಗೂ ಇನ್ನೊಂದನ್ನು ಕಿಟಕಿಯ ಸರಳಿಗೂ ಹಾಕಿದರು.

ಮುಳ್ಳು ಸೊನ್ನೆಯ ಕಡೆಗೆ ಜಾರಿತು.

ಸುಪ್ರಜಾ ಮಗುವನ್ನು ಅವುಚಿಕೊಂಡಳು. ವೆಂಕಟರಾಮರು ಫ್ರಿಜ್ಜು ಹಳೆಯದು ಎಂದು ಗೊಣಗಿ ವಾಷಿಂಗ್ ಮೆಷೀನಿಗೆ ಹಾಕಿದರು. ಜಾರಿತು. ಕೊಳಾಯಿಗೆ ಹಾಕಿದರು, ಜಾರಿತು. ಅಲ್ಲಿಗೆ ಎದ್ದು ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿ ಬಂದು ತೊಟ್ಟಿಲ ಸರಪಳಿಗೆ ಹಾಕಿದರು. ಆಗಲೂ ಜಾರಿತು. ಊಟಕ್ಕೆ ಕೂರುವ ಮರದ ಮಣೆಗೂ ಪ್ಲಾಸ್ಟಿಕ್ ಬಕೆಟ್ಟಿಗೂ ನಡುವೆ ಹಾಕಿದರು. ಮರಕ್ಕೂ ಪ್ಲಾಸ್ಟಿಕ್ಕಿಗೂ ಕರೆಂಟಿನ ಗುರುತೇ ಇರಕೂಡದು. ಮುಳ್ಳು ಜಾರಿ ಅದೇ ಜಾಗದಲ್ಲಿ ನಿಂತಿತು. ಅವರ ಹಣೆಯ ಮುದ್ರೆ ಬೆವರಿಗೆ ಕರಗತೊಡಗಿತು.

“ಮನೆಯೆಲ್ಲ ಒಂದಾಗಿಬಿಟ್ಟಿದೆಯಮ್ಮ,” ಎಂದರು ಅವರು. “ಯಾವುದೂ ಯಾವುದರಿಂದಲೂ ಬೇರೆ ಇಲ್ಲ. ಹೊರಗೆ ನಡೀರಿ.”

ಹೀಗೆ ಆ ಕುಟುಂಬ ಹಬ್ಬದ ಬೆಳಗ್ಗೆ ಎರಡನೇ ಅಗ್ರಹಾರದ ಹಿಂದಿನ ಬೀದಿಗೆ ಬಂದು ನಿಂತಿತು. ಸುಪ್ರಜಾ ಕೃಪಾಳನ್ನು ಸ್ನಾನದ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ವೆಂಕಟರಾಮರು ಟಬ್ಬಿಗೆ ಕ್ಲಿಪ್ಪು ಹಾಕಬೇಕೆಂದಾಗ ಮಗುವನ್ನು ಎತ್ತಿಕೊಂಡಳು. ಟಬ್ಬು ಸೋರಿತು. ಅವಳ ಕಾಲಿನ ರಬ್ಬರ್ ಚಪ್ಪಲಿಯನ್ನು ನೋಡಿದರು, ಅದೂ ಸೋರಿತು. ಚಪ್ಪಲಿ ಬಿಡುವುದೋ ಹಾಕಿಕೊಳ್ಳುವುದೋ ತಿಳಿಯದೆ, ನೆಲಕ್ಕೆ ತಾಗುವ ಜಾಗ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು ಎಂದು ಲೆಕ್ಕ ಹಾಕಿ, ಬಿ.ಕಾಂ., ಎಂ.ಕಾಂ. ಓದಿದ ಸುಪ್ರಜಾ ಮಗುವನ್ನು ಎದೆಗೊತ್ತಿಕೊಂಡು ನಡುಬೀದಿಯಲ್ಲಿ ಒಂಟಿ ಕಾಲಿನಲ್ಲಿ ನಿಂತಳು. ಕೃಪಾಳಿಗೆ ಇದು ಬಹಳ ಹಿಡಿಸಿ ಅವಳು ಚಪ್ಪಾಳೆ ತಟ್ಟಿದಳು.

ಗೋದಾಬಾಯಿಯದು ಇನ್ನೂ ದೊಡ್ಡ ಕಷ್ಟ. ಎಲ್ಲಕ್ಕೂ ಎಲ್ಲವೂ ಸೋಕಿದೆ ಎಂದ ಮೇಲೆ ಅಡುಗೆ ಹೋಯಿತು, ದೇವರ ಪಾತ್ರೆ ಹೋಯಿತು, ಉಟ್ಟ ಮಡಿ ಹೋಯಿತು. ಮತ್ತೆ ಮಡಿಯಾಗಬೇಕೆಂದರೆ ಸ್ನಾನ ಮಾಡಬೇಕು; ಸ್ನಾನಕ್ಕೆ ಕೊಳಾಯಿ ಮುಟ್ಟಬೇಕು; ಕೊಳಾಯಿಗೆ ಫ್ರಿಜ್ಜು ಸೋಕಿದೆ, ಫ್ರಿಜ್ಜಿನಲ್ಲಿ ನಿನ್ನೆಯ ಸಾರಿದೆ. ಅವರು ಬೀದಿಯ ನಡುವೆ ಒಂದು ಸ್ಟೂಲು ಹಾಕಿಸಿಕೊಂಡು, ಯಾರೂ ಹತ್ತಿರ ಬರಬೇಡಿ, ನಾನೂ ಎಲ್ಲಿಗೂ ಬರುವುದಿಲ್ಲ ಎಂದು ಕೂತರು.

ಕೆಲಸಕ್ಕೆಂದು ಬಂದ ಅಂಜಮ್ಮ ಈ ಮೆರವಣಿಗೆಯನ್ನು ನೋಡಿ ಪೊರಕೆ ಹಿಡಿದೇ ನಿಂತಳು. ಸುಪ್ರಜಾಳಿಂದ ವಿಷಯ ತಿಳಿದುಕೊಂಡು, ಆಮೇಲೆ ಪೊರಕೆಯನ್ನು ಮುಂದೆ ಚಾಚಿದಳು.

“ಇದ್ರಾಗೂ ಐತಾ ನೋಡಿ ಸಾಮಿ.”

ಪೊರಕೆಯಲ್ಲೂ ಇತ್ತು.

“ಅದಕ್ಕೇ ನಂಗೆ ತಿಂಗ್ಳಿಂದ ಸೊಂಟ ಇಡ್ಕಂಡೈತೆ,” ಎಂದು ಅಂಜಮ್ಮ ಪೊರಕೆಯನ್ನು ಚರಂಡಿಯ ಪಕ್ಕ ಎಸೆದು, ಮನೆಯಲ್ಲಿ ಗಂಡನೂ ಸದಾ ಮಲಗೇ ಇರುತ್ತಾನೆ, ಸಾಯಂಕಾಲ ಕರಕೊಂಡು ಬರುತ್ತೇನೆ, ಅವನಿಗೂ ಒಂದು ಸಲ ಹಾಕಿ ನೋಡಿ ಎಂದು ಕೇಳಿಕೊಂಡಳು.

ಎದುರುಮನೆಯ ಕುಪ್ಪುಸ್ವಾಮಿ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಜನ ಗುಂಪುಗೂಡಿದ ಕಡೆ ಅವರಿಗೆ ಸುಮ್ಮನಿರಲು ಆಗದು. ಅವರು ತಮ್ಮ ಮಿಕ್ಸಿಯನ್ನು ತಂದರು. ಅದು ನೋಡಿ ಪಕ್ಕದವರು ಇಸ್ತ್ರಿಪೆಟ್ಟಿಗೆ ತಂದರು, ಅವರಾಚೆಯವರು ಹೊಲಿಗೆ ಯಂತ್ರ, ಇನ್ನೊಬ್ಬರು ಟೇಬಲ್ ಫ್ಯಾನು. ನಿನ್ನೆಯ ಪೂಜೆಯ ಗಂಧ, ಕುಂಕುಮ, ಬಾಡಿದ ಹೂವಿನ ಸಮೇತ ಬೀದಿಯ ಸಾಮಾನೆಲ್ಲ ಮದುವೆಯ ಊಟಕ್ಕೆ ಕೂತವರ ಹಾಗೆ ಎರಡು ಸಾಲಾಗಿ ಕೂತವು. ವೆಂಕಟರಾಮರು ಒಂದು ಕೈಯಲ್ಲಿ ಮೆಗ್ಗರನ್ನು ಹೊತ್ತು, ನೆಲದ ಮೇಲಿಟ್ಟು, ಬಗ್ಗಿ ಹಿಡಿ ತಿರುಗಿಸುತ್ತ, ಬಡಿಸುವವರಂತೆ ಸಾಲಿನುದ್ದಕ್ಕೂ ಬಂದರು. ಎಲ್ಲವೂ ಸೋರಿದವು. ಬೀದಿಯಲ್ಲಿ ತರ್ಕಗಳು ಎದ್ದವು. ಒಬ್ಬರು ತುದಿಯ ಮೊಬೈಲ್ ಟವರಿನಿಂದ ಎಂದರು. ಇನ್ನೊಬ್ಬರು ಹೋದ ತಿಂಗಳು ರಸ್ತೆ ಅಗೆದವರು ಮುಚ್ಚುವಾಗ ಭೂಮಿಯನ್ನು ತಿರುಗಾಮುರುಗಾ ಹಾಕಿದ್ದಾರೆ ಎಂದರು. ವೆಂಕಟರಾಮರು ಯಾವುದನ್ನೂ ಅಲ್ಲಗಳೆಯಲಿಲ್ಲ. ಯಂತ್ರ ಹೇಳಿದ್ದನ್ನು ನಂಬಿ ಬದುಕಿದವರು ಅವರು. ಅದು ಲೋಕವೇ ಸೋರುತ್ತಿದೆ ಎಂದರೆ ಲೋಕದ್ದೇ ತಪ್ಪು.

ಸುಪ್ರಜಾಳ ಕಾಲು ಮರಗಟ್ಟಿತ್ತು. ಕಾಲು ಬದಲಿಸುತ್ತ ಅವಳು ಯೋಚಿಸಿದಳು. ಕಾಲೇಜು ಮುಗಿಯಿತು. ಮನೆಯೇ ಇಲ್ಲದವಳಿಗೆ ಇನ್ನು ಕಾಲೇಜೆಲ್ಲಿಯದು. ಇವತ್ತೇ ಮಗುವನ್ನು ಕರೆದುಕೊಂಡು ಚೆನ್ನೈಗೆ ಹೊರಡುವುದು. ಆದರೆ ಬಸ್ಸಿನ ಸೀಟು ಸೋರಿದರೆ?

ಕುಪ್ಪುಸ್ವಾಮಿಯ ಮಿಕ್ಸಿಯನ್ನು ಕಡೆಗೊಮ್ಮೆ ಮತ್ತೆ ನೋಡೋಣವೆಂದು ವೆಂಕಟರಾಮರು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಒಂದು ಕ್ಲಿಪ್ಪು ಮಿಕ್ಸಿಗೆ, ಇನ್ನೊಂದು ಗೇಟಿಗೆ. ಹಿಡಿ ತಿರುಗಿಸಿದರು. ಮುಳ್ಳು ಜಾರಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆಗ ಸುಪ್ರಜಾ ನೋಡಿದಳು. ಗೇಟಿಗೆ ಹಾಕಿದ್ದ ಕ್ಲಿಪ್ಪು ಯಾವಾಗಲೋ ಕಳಚಿಕೊಂಡು, ಯಾವುದಕ್ಕೂ ತಾಗದೆ, ವೈರಿನ ತುದಿಯಲ್ಲಿ ಸುಮ್ಮನೆ ತೂಗಾಡುತ್ತಿತ್ತು.

“ಮಾವ, ಆ ಕಡೆ ಏನೂ ಇಲ್ಲ.”

ವೆಂಕಟರಾಮರು ಕ್ಲಿಪ್ಪನ್ನು ನೋಡಿದರು. ಮತ್ತೆ ಹಿಡಿ ತಿರುಗಿಸಿದರು. ಮುಳ್ಳು ಮತ್ತೆ ಜಾರಿತು.

“ಕಾತ್ತುಲೆಯೇ ಕರೆಂಟಾ ಸಾರ್?” ಎಂದು ಕುಪ್ಪುಸ್ವಾಮಿ ಪಿಸುಗುಟ್ಟಿದರು. ಗಾಳಿಯಲ್ಲೇ ಕರೆಂಟಿದೆಯೇ ಎಂದು ಕೇಳಿದ್ದನ್ನು ಕೇಳಿದವರೆಲ್ಲ ಒಮ್ಮೆಗೇ ಉಸಿರು ಬಿಗಿಹಿಡಿದರು. ಅಂಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಸುಪ್ರಜಾಳ ಕೈ ತಾನಾಗಿ ಕೃಪಾಳ ಮೂಗಿನತ್ತ ಹೋಗಿ, ಮುಚ್ಚುವುದು ಸರಿಯಲ್ಲವೆಂದು ಹೊಳೆದು ಹಿಂದಕ್ಕೆ ಬಂತು.

ವೆಂಕಟರಾಮರು ಮಾತ್ರ ಮೆಗ್ಗರನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸ್ಟೂಲಿನ ಕಡೆಗೆ ಮುಖ ಎತ್ತಿದರು.

“ಗೋದಾ, ಇದಕ್ಕೆ ನೀನು ಗಂಧ ಎಲ್ಲಿಗಿಟ್ಟೆ?”

“ಹಣೆಗೆ. ಇನ್ನೆಲ್ಲಿಗಿಡ್ತಾರೆ?”

“ಹಣೆ ಅಂದರೆ?”

“ಎರಡು ಕಣ್ಣಿನ ನಡುವೆ,” ಎಂದು ಗೋದಾಬಾಯಿ ಕೂತಲ್ಲಿಂದಲೇ ಬೆರಳು ತೋರಿಸಿದರು. “ಒಂದು ಕಣ್ಣಿಂದ ಇನ್ನೊಂದು ಕಣ್ಣಿಗೆ ಅಡ್ಡ ಎಳೆದು, ಮೇಲೆ ಕುಂಕುಮ. ಚೆನ್ನಾಗಿ ಇಟ್ಟಿದ್ದೀನಿ.”

ಚೆನ್ನಾಗಿಯೇ ಇಟ್ಟಿದ್ದರು. ಎರಡು ಹಿತ್ತಾಳೆಯ ತಿರುಪುಗಳ ನಡುವೆ ಅರಿಶಿನ ಬೆರೆತ ಗಂಧ ಸೇತುವೆಯ ಹಾಗೆ ದಪ್ಪಗೆ ಬಿದ್ದು, ಮೇಲೆ ಮಾತ್ರ ಒಣಗಿ, ಒಳಗೆ ಇನ್ನೂ ತೇವವಾಗಿ ಕೂತಿತ್ತು. ಕರೆಂಟು ವೈರಿಗೆ ಇಳಿದೇ ಇರಲಿಲ್ಲ. ಬೆಳಗಿನಿಂದ ಒಂದು ಕಣ್ಣಿನಿಂದ ಹೊರಟು ಗಂಧದ ಮೇಲೆ ನಡೆದು ಇನ್ನೊಂದು ಕಣ್ಣಿಗೆ ಹೋಗಿ ಸೇರುತ್ತಿತ್ತು. ಖಾಲಿ ಸುತ್ತು ತಿರುಗಿಸಿದ್ದರೆ ಮೊದಲ ಸುತ್ತಿಗೇ ತಿಳಿಯುತ್ತಿತ್ತು.

ಸುಪ್ರಜಾ ಎತ್ತಿದ್ದ ಕಾಲನ್ನು ಕೆಳಗಿಟ್ಟು, ಮಗುವನ್ನು ಮತ್ತೆ ಟಬ್ಬಿನಲ್ಲಿ ಕೂರಿಸಿದಳು. ಮಗುವಿನ ಕೈ ಒರೆಸಲು ಸೊಂಟದಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದ ಸ್ಯಾನಿಟೈಸರನ್ನು ತೆಗೆದು, ಬಟ್ಟೆಗೆ ಸುರಿದು, ಮೆಗ್ಗರಿನ ಹಣೆಯನ್ನು ಉಜ್ಜಿ ಉಜ್ಜಿ ಒರೆಸಿ, ಒಣಗುವವರೆಗೆ ಊದಿದಳು. ವೆಂಕಟರಾಮರು ಎರಡು ಕ್ಲಿಪ್ಪನ್ನೂ ಗಾಳಿಗೆ ಬಿಟ್ಟು ಹಿಡಿ ತಿರುಗಿಸಿದರು. ಈ ಸಲ ಯಾರೂ ತಡೆಯಲಿಲ್ಲ. ಮುಳ್ಳು ಮಲಗಿದ ಎಂಟರ ಮೇಲೆ ಹೋಗಿ ಕಲ್ಲಿನಂತೆ ನಿಂತಿತು.

ಬೀದಿಗೆ ಬೀದಿಯೇ ನಕ್ಕಿತು. ಕುಪ್ಪುಸ್ವಾಮಿಯಂತೂ ನಗು ತಡೆಯಲಾಗದೆ ಗೇಟನ್ನು ಹಿಡಿದುಕೊಂಡರು. ಮೆಗ್ಗರಿಗೆ ಗಂಧ, ನಮಗೆ ಬಿಸಿಲು ಎಂದು ತಮಿಳಿನಲ್ಲಿ ಪ್ರಾಸ ಕಟ್ಟಿದರು. ಒಬ್ಬೊಬ್ಬರೇ ತಮ್ಮ ಸಾಮಾನು ಎತ್ತಿಕೊಂಡು ಒಳಗೆ ಹೋದರು. ಗೋದಾಬಾಯಿ ಯಾರ ಮುಖವನ್ನೂ ನೋಡದೆ ಸ್ಟೂಲಿನಿಂದ ಇಳಿದು, ಅಂದರೆ ಅಡುಗೆ ಮೈಲಿಗೆ ಆಗಿಲ್ಲ ಎಂದಾಯಿತಲ್ಲ, ಅಷ್ಟೇ ಬೇಕಾಗಿದ್ದುದು ಎಂದು ಒಳಗೆ ನಡೆದರು. ಅಂಜಮ್ಮ ಚರಂಡಿಯ ಪಕ್ಕದಿಂದ ಪೊರಕೆಯನ್ನು ಎತ್ತಿಕೊಂಡಳು. ಸೊಂಟ ನೋವಿಗೆ ಈಗ ಬೇರೆ ಕಾರಣ ಹುಡುಕಬೇಕಲ್ಲ ಎಂಬ ಬೇಸರ ಅವಳ ಮುಖದಲ್ಲಿತ್ತು.

ಸುಪ್ರಜಾ ಮಗುವಿಗೆ ಉಣ್ಣಿಸಿ ಮಲಗಿಸಿ ಕಿಟಕಿಗೆ ಬಂದಾಗ ಬೀದಿಯಲ್ಲಿ ವೆಂಕಟರಾಮರು ಇನ್ನೂ ಇದ್ದರು. ಮೆಗ್ಗರನ್ನು ಕಂಕುಳಲ್ಲಿ ಇರುಕಿಕೊಂಡು ಮನೆ ಮನೆಯ ಬಾಗಿಲು ತಟ್ಟುತ್ತಿದ್ದರು. ನಿಮ್ಮ ಫ್ಯಾನು ಸೋರುತ್ತದೆ ಎಂದು ಹೇಳಿದ್ದೆ, ತಪ್ಪು ಹೇಳಿದ್ದೆ, ಇನ್ನೊಂದು ಸಲ ನೋಡಿ ಹೋಗುತ್ತೇನೆ. ಪರವಾಗಿಲ್ಲ ಸಾರ್, ವಿಷಯ ತಿಳಿಯಿತಲ್ಲ ಎಂದು ಅವರು ನಕ್ಕರೂ ಇವರು ಬಿಡುತ್ತಿರಲಿಲ್ಲ. ತಿಳಿದದ್ದು ನನ್ನ ಯಂತ್ರದ ವಿಷಯ, ನಿಮ್ಮ ಫ್ಯಾನಿನದು ಇನ್ನೂ ತಿಳಿದಿಲ್ಲ ಎನ್ನುತ್ತಿದ್ದರು. ಪ್ರತಿ ಮನೆಯಲ್ಲೂ ಮೊದಲು ಖಾಲಿ ಸುತ್ತು, ಆಮೇಲೆ ಸಾಮಾನು. ಕುಪ್ಪುಸ್ವಾಮಿಯ ಮನೆಯಿಂದ ಹೊರಬಿದ್ದವರು ಗೇಟಿನವರೆಗೆ ಬಂದು, ನಿಂತು, ಏನೋ ನೆನೆದು ಒಳಗೆ ಹೋದರು. ಮತ್ತೆ ಹೊರಬಂದು, ರಸ್ತೆಯ ನಡುವಿನವರೆಗೆ ನಡೆದು, ಮತ್ತೆ ಹಿಂದಿರುಗಿದರು. ಒಳಗಿನಿಂದ ಕುಪ್ಪುಸ್ವಾಮಿಯ ನಗು ಕೇಳಿಸಿತು.

ಈ ನಡಿಗೆ ಸುಪ್ರಜಾಳಿಗೆ ಚೆನ್ನಾಗಿ ಗೊತ್ತಿತ್ತು. ಬಸ್ ಸ್ಟಾಪಿನವರೆಗೆ ಹೋಗಿ ಗ್ಯಾಸ್ ಆಫ್ ಮಾಡಿದೆನೇ ಎಂದು ವಾಪಸು ಬರುವವಳ ನಡಿಗೆ ಅದು. ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಎಳೆದು ನೋಡುವವಳ ನಡಿಗೆ. ಸುಧೀಂದ್ರ ಅದನ್ನು ನೋಡಿ ಎಷ್ಟು ಸಲ ತಲೆ ಚಚ್ಚಿಕೊಂಡಿದ್ದ. ಈ ಮನೆಯಲ್ಲಿ ತನ್ನೊಬ್ಬಳಿಗೇ ಈ ಕಾಯಿಲೆ ಎಂದು ಅವಳು ತಿಳಿದುಕೊಂಡಿದ್ದಳು.

ವೆಂಕಟರಾಮರು ಒಳಗೆ ಬಂದು ಮೆಗ್ಗರನ್ನು ಕೆಳಗಿಟ್ಟು ಗೋಡೆಗೊರಗಿ ಕೂತರು. ಬಿಸಿಲಿಗೆ ಮುಖ ಕಂದಿತ್ತು. ಸೊಸೆ ತಂದುಕೊಟ್ಟ ನೀರನ್ನು ಕುಡಿದು ಲೋಟವನ್ನೇ ನೋಡುತ್ತ ಹೇಳಿದರು.

“ನೀನು ಕಾಲೇಜಿಗೆ ಹೋಗೋದು ಬೇಡಮ್ಮ. ಮಗೂನ ನನ್ನನ್ನು ನಂಬಿ ಬಿಡಬೇಡ. ಇಷ್ಟು ವರ್ಷ ಇದೇ ಕೆಲಸ ಮಾಡಿ, ಯಂತ್ರದ ಮುಖ ನೋಡದೆ ಊರನ್ನೇ ಬೀದಿಗೆ ತಂದೆ.”

“ಎಲ್ಲರ ಮನೇದೂ ನೋಡಿ ಆಯಿತಾ ಮಾವ?”

“ಆಯಿತು. ಎಲ್ಲ ಸರಿಯಾಗಿದೆ.” ಅವರು ಲೋಟವನ್ನು ಕೆಳಗಿಟ್ಟರು. “ಆ ಹೊಲಿಗೆ ಯಂತ್ರದ್ದು ಒಂದು, ಪೆಡಲ್ಲಿನ ಕಡೆ ನೋಡಿದೆನೋ ಇಲ್ಲವೋ ಅಂತ. ಅವರು ಊಟ ಮಾಡ್ತಿದ್ದರು, ಸುಮ್ಮನೆ ಬಂದೆ. ಸಾಯಂಕಾಲ ಇನ್ನೊಂದು ಸಲ ಹೋಗ್ತೀನಿ. ಮಗು ಮಲಗಿದೆಯಾ?”

“ಮಲಗಿದೆ.”

“ಉಸಿರಾಡ್ತಿದೆಯಾ ಅಂತ ನೋಡಿದೆಯಾ?”

“ಈಗ ತಾನೇ ನೋಡಿ ಬಂದೆ.”

“ನಾನೂ ಒಂದು ಸಲ ನೋಡಿ ಬರ್ತೀನಿ,” ಎಂದು ವೆಂಕಟರಾಮರು ಎದ್ದು ಹೋದರು.

ಸುಪ್ರಜಾ ಅವರು ಹೋದ ಬಾಗಿಲನ್ನೇ ನೋಡುತ್ತ ಕೂತಳು. ಹೆದರದವರ ಕೈಗೆ ಮಗುವನ್ನು ಕೊಡಬೇಕೆಂದು ಅವಳು ಇಷ್ಟು ದಿನ ಹುಡುಕಿದ್ದಳು. ಹೆದರದವರಿಗೇನು ಬರ, ಸುಧೀಂದ್ರನೂ ಹೆದರುವುದಿಲ್ಲ. ಮಗು ಚಡ್ಡಿಯ ಗುಂಡಿ ನುಂಗಿದ ದಿನ ಅವನು ಪೇಪರು ಓದುತ್ತಿದ್ದ. ಅವಳು ಫೋನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಶರಣ್ಯ ಮೇಡಂ ಹಬ್ಬದ ಊಟ ಮುಗಿಸಿ ಮಲಗುವುದರಲ್ಲಿದ್ದರು. ಬರುತ್ತೀಯಾ ಇಲ್ಲವಾ, ಒಂದು ಮಾತು ಹೇಳು ಎಂದರು ತಮಿಳಿನಲ್ಲಿ. ಬರುತ್ತೇನೆ ಎಂದಳು ಸುಪ್ರಜಾ. ಆಮೇಲೆ ಮೇಡಂ ಕೇಳದಿದ್ದರೂ ಮೊದಲ ಪೀರಿಯಡ್ಡು ಬೇಡ, ಎರಡನೆಯದು ಕೊಡಿ, ಮನೆಯಿಂದ ಹೊರಟ ಮೇಲೆ ಒಂದು ಸಲ ವಾಪಸು ಹೋಗಿ ನೋಡಿ ಬರಬೇಕಾಗಬಹುದು ಎಂದಳು. ಮೇಡಂ ಅದಕ್ಕೂ ಒಪ್ಪಿದರು. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಆಯಾ ಸಿಕ್ಕಳಾ ಎಂದು ವಿಚಾರಿಸಿದರು.

“ಆಯಾ ಬೇಡ ಮೇಡಂ,” ಎಂದಳು ಸುಪ್ರಜಾ. “ಮನೇಲಿ ನಮ್ಮ ಮಾವ ಇದ್ದಾರೆ. ನನಗಿಂತ ಜಾಸ್ತಿ ಹೆದರ್ತಾರೆ.”